ಗುಡ್ಡಕ್ಕೆ ಬೆಂಕಿ ಬಿದ್ದಾಗ ತಾಂಡಾ ಬಿಡುವುದು ಯಾವಾಗ, ಹೇಗೆ

ಫೆಬ್ರುವರಿ ಮುಗಿಯುವಷ್ಟರಲ್ಲಿ ಚಿಂಚೋಳಿ, ಕೊಂಚಾವರಂ ಕಡೆಯ ಕಾಡಿನಲ್ಲಿ ಸಾಗುವಾನಿ ಎಲೆ ಉದುರಿಸಿರುತ್ತದೆ, ಹುಲ್ಲು ಒಣಗಿ ನಿಂತಿರುತ್ತದೆ. ಅಲ್ಲಿಂದ ಜೂನ್‌ನ ಮೊದಲ ಹದ ಮಳೆಯವರೆಗೆ ಬೆಂಕಿಯ ಕಾಲ. 2011ರಲ್ಲಿ ವನ್ಯಜೀವಿಧಾಮವಾದ ಈ 134.88 ಚದರ ಕಿ.ಮೀ. ಕಾಡಿನ ಒಳಗೂ ಅಂಚಿಗೂ ತಾಂಡಾಗಳಿವೆ. ಬೀದರಿನ ಹೊನ್ನಿಕೇರಿ ಕಾಡಿನ ಅಂಚು, ಯಾದಗಿರಿಯ ಕಲ್ಲುಗುಡ್ಡಗಳ ಬುಡದ ಊರುಗಳಿಗೂ ಇಲ್ಲಿ ಬರೆದದ್ದು ಹೊಂದುತ್ತದೆ.

ನಮ್ಮ ಕಡೆಯ ಕಾಡ್ಗಿಚ್ಚು ಹೆಚ್ಚಾಗಿ ನೆಲದ ಬೆಂಕಿ. ಹುಲ್ಲು, ತರಗೆಲೆ ಹಿಡಿದು ಓಡುತ್ತದೆ; ಒಂದು ಜಾಗದ ಹುಲ್ಲು ಉರಿದು ಮುಗಿಯಲು ಒಂದೆರಡು ನಿಮಿಷ ಸಾಕು. ಬರಿ ನೆಲ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಹೊತ್ತಿಗೆ ಮುಂಚೆ ಎದ್ದು ಹೊರಟವರಿಗೆ ಜೀವಭಯ ಕಡಿಮೆ. ಅಪಾಯ ಇರುವುದು ತಡಮಾಡಿ ಹೊರಟು ಹುಲ್ಲಿನ ನಡುವಿನ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ, ಬಣವೆ ಉಳಿಸಲು, ಕಟ್ಟಿದ ದನ ಬಿಚ್ಚಲು ತಿರುಗಿ ಓಡಿದವರಿಗೆ.

ಹೊರಡುವ ಗೆರೆ

ಬೇಸಿಗೆಗೆ ಮುಂಚೆಯೇ ಊರಿನ ಹಿರಿಯರು ಕೂತು ಎರಡು ಗೆರೆ ಗೊತ್ತುಮಾಡಬೇಕು. ಹಳ್ಳ, ಗುಡ್ಡದ ನೆತ್ತಿ, ಡಾಂಬರು ರಸ್ತೆ, ಕೆರೆಯ ಏರಿ, ಹೀಗೆ ಎಲ್ಲರ ಕಣ್ಣಿಗೂ ಕಾಣುವಂಥದ್ದು ಇರಲಿ. ಬೆಂಕಿ ಮೊದಲ ಗೆರೆ ಮುಟ್ಟಿದರೆ ಮುದುಕರು, ಬಾಣಂತಿಯರು, ಬಸುರಿಯರು, ಕೂಸುಗಳು, ದಮ್ಮಿನ ಕಾಯಿಲೆಯವರು, ದನಕರು ಹೊರಡಬೇಕು. ಎರಡನೆಯದನ್ನು ಮುಟ್ಟಿದರೆ ಎಲ್ಲರೂ. ಆಗ ಚರ್ಚೆಗೆ ಕೂರಬಾರದು.

ಗೆರೆ ಎಷ್ಟು ದೂರವಿರಬೇಕು? ಗಾಳಿ ಜೋರಿದ್ದರೆ ಒಣಹುಲ್ಲಿನಲ್ಲಿ ಬೆಂಕಿ ಗಂಟೆಗೆ 8ರಿಂದ 10 ಕಿ.ಮೀ. ಓಡಬಲ್ಲದು. ಅಂದರೆ 2 ಕಿ.ಮೀ. ಆಚೆ ಕಾಣುವ ಉರಿ 12ರಿಂದ 15 ನಿಮಿಷದಲ್ಲಿ ಮನೆ ಹತ್ತಿರ ಇರುತ್ತದೆ. ದನ ಬಿಚ್ಚಿ, ಟ್ರ್ಯಾಕ್ಟರ್ ಹೊರಡಿಸಿ, ಅಜ್ಜಿಯನ್ನು ಹತ್ತಿಸಿ ತಾಂಡಾ ಖಾಲಿ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ. ಮುಕ್ಕಾಲು ಗಂಟೆ ಬೇಕಾದರೆ ಮೊದಲ ಗೆರೆ ಕನಿಷ್ಠ 6–7 ಕಿ.ಮೀ. ಆಚೆ ಇರಬೇಕು. ಬಹಳ ಊರಿನವರು ಹೊಗೆ ಮೂಗಿಗೆ ಬಡಿಯುವವರೆಗೆ ಕಾಯುತ್ತಾರೆ. ಆ ಹೊತ್ತಿಗೆ ಲೆಕ್ಕ ಕೈಮೀರಿರುತ್ತದೆ.

ಏರಿನಲ್ಲಿ ಬೆಂಕಿಯ ಓಟ ಇನ್ನೂ ಜೋರು. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ವೇಗ ಸುಮಾರು ಇಮ್ಮಡಿಯಾಗುತ್ತದೆ, ಏಕೆಂದರೆ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ ಅದನ್ನು ಮೊದಲೇ ಕಾಯಿಸಿಬಿಡುತ್ತದೆ. ದಿಬ್ಬದ ಮೇಲಿನ ತಾಂಡಾದವರು ಕೆಳಗಿನಿಂದ ಬರುವ ಬೆಂಕಿಗೆ ಹೆಚ್ಚು ಹೆದರಬೇಕು, ಗೆರೆಯನ್ನೂ ಅಷ್ಟೇ ದೂರ ತಳ್ಳಬೇಕು. ಮಧ್ಯಾಹ್ನ 12ರಿಂದ 4 ಕೆಟ್ಟ ಹೊತ್ತು. ರಾತ್ರಿ ಗಾಳಿಯಲ್ಲಿ ತೇವ ಹೆಚ್ಚಿ ಉರಿ ಇಳಿಯುತ್ತದೆ, ಆದರೆ ಹೊಗೆ ತಗ್ಗಿನಲ್ಲಿ ಕೂತುಬಿಡುತ್ತದೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮೊದಲು ಬೀಸುವ ಗಾಳಿ ದಿಕ್ಕನ್ನೇ ತಿರುಗಿಸುತ್ತದೆ; ಊರ ಪಕ್ಕದಲ್ಲಿ ಸಾಗಿಹೋಗುತ್ತಿದ್ದ ಬೆಂಕಿ ಅಗಲಕ್ಕೆ ಅಗಲವೇ ಊರಿನತ್ತ ಹೊರಳಬಹುದು. ಮೋಡ ಕಟ್ಟಿ ಗುಡುಗು ಕೇಳಿದರೆ ಎರಡನೆಯ ಗೆರೆಗೆ ಕಾಯಬೇಡಿ.

ಬೆಂಕಿ ಕಂಡ ತಕ್ಷಣ 112 ಅಥವಾ 101ಕ್ಕೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಮೊಬೈಲಿಗೆ ಬೆಂಕಿಯ ಸಂದೇಶ ಉಚಿತವಾಗಿ ಬರುತ್ತದೆ. ಅದನ್ನೇ ನಂಬಿ ಕೂರಬೇಡಿ: ಉಪಗ್ರಹ ನಮ್ಮ ಮೇಲೆ ಹಾಯುವುದು ಹೆಚ್ಚಾಗಿ ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸು, ಎರಡು ಗಂಟೆಗೆ ಹತ್ತಿದ ಬೆಂಕಿಯ ಸುದ್ದಿ ತಡವಾಗಿ ಮುಟ್ಟುತ್ತದೆ. ಗುಡ್ಡದ ಮೇಲೆ ಒಬ್ಬ ಹುಡುಗನನ್ನು ಕೂರಿಸುವುದೇ ಮೇಲು. ಟವರ್ ಕೈಕೊಟ್ಟರೆ ಸುದ್ದಿ ಮುಟ್ಟಿಸಲು ಗುಡಿಯ ಮೈಕು, ಮಸೀದಿಯ ಮೈಕು, ಕರೆಂಟೂ ಹೋದರೆ ಹಲಗೆ ಬಾರಿಸುವುದು.

ಮನೆಯ ಸುತ್ತ

ಶಹಾಬಾದ್ ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಳಿಗೆ ಇರುವ ಮನೆ ಕಿಡಿಗೆ ಹೆದರುವುದಿಲ್ಲ. ಪತ್ರಾಸಿನ ಮನೆಯಲ್ಲಿ ತಗಡು ಉರಿಯುವುದಿಲ್ಲ, ಅದರ ಡೊಂಕಿನಲ್ಲಿ ಸೇರಿದ ತರಗೆಲೆ ಉರಿಯುತ್ತದೆ. ತಗಡಿಗೂ ಗೋಡೆಗೂ ನಡುವಿನ ಸಂದಿನಿಂದ ಕಿಡಿ ಒಳಗೆ ಬಂದು ಅಟ್ಟದ ಚೀಲ ಹಿಡಿಯುತ್ತದೆ. ಸಂದಿಗೆ ಕೆಸರು ಮೆತ್ತಿ, ತಗಡು ಗುಡಿಸಿ. ಹುಲ್ಲಿನ ಗುಡಿಸಲನ್ನು ಉಳಿಸಲು ನಿಲ್ಲಬೇಡಿ, ಮೊದಲ ಗೆರೆಗೇ ಖಾಲಿ ಮಾಡಿ.

ಗೋಡೆಯಿಂದ 5 ಅಡಿ ಏನೂ ಇರಬಾರದು. ತೊಗರಿ ಕಟ್ಟಿಗೆ, ಕುಳ್ಳು, ಗೋಣಿಚೀಲ, ಪ್ಲಾಸ್ಟಿಕ್ ಕೊಡ ಸೂರಿನ ಕೆಳಗೆ ಒಟ್ಟುವುದು ನಮ್ಮಲ್ಲಿ ರೂಢಿ, ಮನೆ ಸುಡುವುದೂ ಅಲ್ಲಿಂದಲೇ. 30 ಅಡಿಯವರೆಗೆ ಹುಲ್ಲು ಕೆತ್ತಿ ತೆಗೆಯಿರಿ, ಮರದ ಕೆಳಗೊಂಬೆ ಆಳೆತ್ತರಕ್ಕೆ ಸವರಿ. ಬಣವೆ ಮನೆಯಿಂದ 100 ಅಡಿ ದೂರವಿರಲಿ. ಇಡೀ ವರ್ಷದ ಕಣಕಿಯನ್ನು ಒಂದೇ ಕಡೆ ಒಟ್ಟಬೇಡಿ. ಎರಡು ಮೂರು ಬಣವೆ ಮಾಡಿ, ನಡುವೆ 50 ಅಡಿ ಬಿಡಿ, ಪ್ರತಿಯೊಂದರ ಸುತ್ತ ರಂಟಿ ಹೊಡೆದು ಮಣ್ಣು ಮೇಲೆ ಮಾಡಿ.

ಊರಿಗೂ ಕಾಡಿಗೂ ನಡುವೆ ಟ್ರ್ಯಾಕ್ಟರ್‌ನಿಂದ 20–30 ಅಡಿ ಅಗಲದ ಪಟ್ಟಿ ಉಳುಮೆ ಮಾಡಿಸಿ. ಒಂದೇ ಸಾಲು ಹೊಡೆದರೆ ನಡುವೆ ಉಳಿದ ಕೂಳಿ ಬೆಂಕಿಗೆ ದಾರಿಯಾಗುತ್ತದೆ, ಕುಂಟಿ ಹೊಡೆದು ಕಸ ಆರಿಸಬೇಕು. ಬದುವಿನ ಮೇಲಿನ ಹುಲ್ಲನ್ನು ಮರೆಯುವವರೇ ಹೆಚ್ಚು. ಉತ್ತ ಹೊಲ ದಾಟಲಾರದ ಬೆಂಕಿ ಬದು ಹಿಡಿದು ಊರು ಸೇರುತ್ತದೆ. ಆದರೆ ಬದುವಿಗೋ ಕಬ್ಬಿನ ರವದಿಗೋ ಬೇಸಿಗೆಯಲ್ಲಿ ಕಡ್ಡಿ ಗೀರಬೇಡಿ. ಎಷ್ಟೋ ಕಾಡ್ಗಿಚ್ಚು ಹುಟ್ಟುವುದೇ ಹಾಗೆ. ಬರುವ ಬೆಂಕಿ ತಡೆಯಲು ಎದುರು ಬೆಂಕಿ ಹಚ್ಚುವ ಕೆಲಸ ಅರಣ್ಯ ಸಿಬ್ಬಂದಿಗೆ ಬಿಡಿ.

ಕರೆಂಟು ಮೊದಲು ಹೋಗುತ್ತದೆ, ಬೋರಿನ ನೀರು ನಿಲ್ಲುತ್ತದೆ. ಹೊಗೆ ಕಂಡಾಗಲೇ ಟಾಕಿ, ಡ್ರಮ್ಮು ತುಂಬಿಸಿ. ತೊಗರಿಗೆ ಔಷಧ ಹೊಡೆಯುವ ಪೆಟ್ರೋಲ್ ಪಂಪು, 200 ಲೀಟರ್ ಡ್ರಮ್ಮು ಟ್ರಾಲಿಯಲ್ಲಿದ್ದರೆ ಕಿಡಿ ಆರಿಸಲು ಬಲು ಉಪಯೋಗ. ಪಂಪನ್ನು ಮೂರು ಸಲ ತೊಳೆದೇ ಬಳಸಿ. ಉಳಿದ ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ದೂರ ಬರಿ ನೆಲದಲ್ಲಿಡಿ, ಅವು ಸುಟ್ಟ ಹೊಗೆ ವಿಷ.

ಚೀಲದಲ್ಲಿ ಏನು

ಪಹಣಿ ಹುಡುಕುತ್ತ ಕೂರಬೇಡಿ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಮತ್ತೆ ಮಾಡಿಸಲು ಕಷ್ಟವಾದ ಮೂಲ ಕಾಗದಗಳು ಮೊದಲು: ಖರೀದಿ ಪತ್ರ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ದನದ ವಿಮೆ ಕಾಗದ. ಆಮೇಲೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು. ಎಲ್ಲದರ ಫೋಟೊ ಊರಾಚೆಯ ಸಂಬಂಧಿಕರೊಬ್ಬರ ಮೊಬೈಲಿಗೂ ಕಳಿಸಿಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಒಂದು ವಾರಕ್ಕೆ, ಟಾರ್ಚು, ಎನ್‌95 ಮಾಸ್ಕು. ಒದ್ದೆ ಟವೆಲ್ ಬೂದಿ ತಡೆಯುತ್ತದೆ, ಸಣ್ಣ ಹೊಗೆಕಣ ತಡೆಯುವುದಿಲ್ಲ; ಮಾಸ್ಕನ್ನು ಒದ್ದೆ ಮಾಡಬೇಡಿ.

42–43 ಡಿಗ್ರಿ ಬಿಸಿಲಿನಲ್ಲಿ ಕಾಯಬೇಕಾಗಬಹುದು, ಒಬ್ಬೊಬ್ಬರಿಗೆ ಕುಡಿಯಲು 5 ಲೀಟರ್ ನೀರು ಇರಲಿ. ಒಂದು ಲೀಟರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿಕೊಳ್ಳಿ. ಚಹಾ ಚಮಚ, ಮಟ್ಟವಾಗಿ. ಮೈಮೇಲೆ ಹತ್ತಿ ಬಟ್ಟೆ ತುಂಬುತೋಳಿನದು. ನೈಲಾನ್, ಪಾಲಿಯೆಸ್ಟರ್ ಸೀರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹವಾಯಿ ಚಪ್ಪಲಿ ಬಿಸಿ ಬೂದಿಯಲ್ಲಿ ಮೆತ್ತಗಾಗುತ್ತದೆ, ತೊಗಲಿನ ಮೆಟ್ಟು ಬೇಕು. ಮನೆಯ ಕರಿಕಂಬಳಿ ಬಿಡಬೇಡಿ. ಉಣ್ಣೆ ಸುಲಭವಾಗಿ ಹತ್ತುವುದಿಲ್ಲ, ಉರಿಯ ಝಳ ತಡೆಯುತ್ತದೆ. ಒಣಗಿದ್ದೇ ಹೊದೆಯಿರಿ, ತೊಯ್ಸಿದರೆ ಆವಿ ಮೈ ಸುಡುತ್ತದೆ.

ಹೊರಡುವಾಗ

ಗ್ಯಾಸಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಸಿಲಿಂಡರನ್ನು ಬರಿ ಅಂಗಳದ ನಡುವೆ ನೆಟ್ಟಗೆ ನಿಲ್ಲಿಸಿ. ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲು ಕಿಟಕಿ ಮುಚ್ಚಿ. ಜನ ಕೂತ ಟ್ರಾಲಿಯಲ್ಲಿ ಮೇವು ಹೇರಬೇಡಿ, ಒಂದು ಕಿಡಿ ಬಿದ್ದರೆ ಟ್ರಾಲಿಯೇ ಹೊತ್ತುತ್ತದೆ. ಎಲ್ಲರೂ ಸೇರುವ ಜಾಗ ಒಂದೇ ಇರಲಿ: ಶಾಲೆಯ ಮೈದಾನ, ಸೇವಾಲಾಲ ಗುಡಿಯ ಬಯಲು. ಅಲ್ಲಿ ಮನೆವಾರು ತಲೆ ಎಣಿಸಿ. ಎಣಿಸದಿದ್ದರೆ ಯಾರೋ ಒಬ್ಬರು ಮಗನನ್ನು ಹುಡುಕಿಕೊಂಡು ಮತ್ತೆ ಊರೊಳಗೆ ಓಡುತ್ತಾರೆ.

ದನಗಳನ್ನು ಮೊದಲ ಗೆರೆಗೇ ಕೆರೆಯ ಅಂಗಳಕ್ಕೋ ಉತ್ತ ಎರೆಹೊಲಕ್ಕೋ ಹೊಡೆಯಿರಿ. ಹೊತ್ತು ಮೀರಿದ್ದರೆ ಕಣ್ಣಿ ಕೊಯ್ದು ಬಿಡಿ, ಮೂಗುದಾರದ ಹಗ್ಗ ನೇತಾಡದಂತೆ ಕೊಂಬಿಗೆ ಸುತ್ತಿ. ಕೊಟ್ಟಿಗೆಯ ಬಾಗಿಲು ಮತ್ತೆ ಮುಚ್ಚಿ, ಹೆದರಿದ ದನ ತಿರುಗಿ ಗೋದಲಿಗೇ ಬರುತ್ತದೆ.

ಕಾಡಿನೊಳಗಿಂದ ಒಂದೇ ದಾರಿ ಇದ್ದು ಅದು ಹೊಗೆಯಲ್ಲಿ ಮುಚ್ಚಿದ್ದರೆ ಆ ದಾರಿ ಹಿಡಿಯಬೇಡಿ, ಬೈಕಿನಲ್ಲಂತೂ ಬೇಡವೇ ಬೇಡ. ಉತ್ತ ಹೊಲದ ನಟ್ಟನಡುವೆ, ಕರೆಂಟ್ ತಂತಿಯಿಂದ ದೂರ, ಕಂಬಳಿ ಹೊದ್ದು ಬೋರಲು ಮಲಗಿ. ಬಾಯಿ ನೆಲದ ಹತ್ತಿರ ಇರಲಿ. ಬೇರೇನೂ ಸಿಗದಿದ್ದರೆ, ಜ್ವಾಲೆ ಮೊಣಕಾಲಿಗಿಂತ ಗಿಡ್ಡವಿರುವ ಪಕ್ಕದ ಅಂಚಿನಲ್ಲಿ ದಾಟಿ ಸುಟ್ಟ ಕರಿ ನೆಲಕ್ಕೆ ಹೋಗಿ, ಅಲ್ಲಿ ಮತ್ತೆ ಉರಿಯಲು ಏನೂ ಉಳಿದಿರುವುದಿಲ್ಲ. ಬೇವಿನ ಟೊಂಗೆ ಹಿಡಿದು ಬೆಂಕಿ ಬಡಿಯುವುದು ಜ್ವಾಲೆ 4 ಅಡಿಗಿಂತ ಕೆಳಗಿದ್ದಾಗ ಮಾತ್ರ, ಅದೂ ಹಿಂದಿನಿಂದ, ಪಕ್ಕದಿಂದ.

ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಸುರಿಯಿರಿ. ಅರಿಶಿನ, ಟೂತ್‌ಪೇಸ್ಟು ಹಚ್ಚಬೇಡಿ. 108ಕ್ಕೆ ಕರೆ ಮಾಡಿ.

ಮರಳಿದ ಮೇಲೆ ಕುಳ್ಳಿನ ಗೂಡು, ತಿಪ್ಪಿ, ತೊಗರಿ ಹೊಟ್ಟಿನ ರಾಶಿ ಮೊದಲು ನೋಡಿ. ಮೇಲೆ ಆರಿದಂತೆ ಕಂಡರೂ ಇವು ಒಳಗೊಳಗೇ ದಿನಗಟ್ಟಲೆ ಉರಿಯುತ್ತವೆ. ಸಲಿಕೆಯಿಂದ ಬಿಡಿಸಿ ನೀರು ಹಾಕಿ. ಬುಡ ಸುಟ್ಟ ಮರದ ಕೆಳಗೆ ನಿಲ್ಲಬೇಡಿ. ಗೊರಸು, ಕೆಚ್ಚಲು ಸುಟ್ಟ ದನಕ್ಕೆ ಪಶು ಚಿಕಿತ್ಸಾ ವಾಹನ ಬೇಕಾದರೆ 1962. ಸತ್ತ ದನವನ್ನು ಅವಸರದಲ್ಲಿ ಹೂಳಬೇಡಿ: ಕಿವಿಯ ಬಿಲ್ಲೆ ಕಾಣುವಂತೆ ಫೋಟೊ, ಪಶು ವೈದ್ಯರ ಮರಣೋತ್ತರ ಪರೀಕ್ಷೆ, ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ ಮೂರೂ ಆದಮೇಲೆ ಗುಂಡಿ ತೋಡಿ, ಇಲ್ಲದಿದ್ದರೆ ಪರಿಹಾರದ ಅರ್ಜಿ ಅಲ್ಲೇ ನಿಲ್ಲುತ್ತದೆ.