ಹಣ ವಾಪಸ್ ಕೊಡಲು ಹೋದಾಗ

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ, ಲೆಕ್ಕ ಬರೆಯುವವನು. ಯೆಮನ್ ದೇಶದ ಶಾಂತಿ ಕೆಲಸಕ್ಕೂ ನಿಮಗೂ ಏನ್ರೀ ಸಂಬಂಧ ಅಂತ ಮನೆಯಲ್ಲೇ ಕೇಳಿದ್ದರು. ಸಂಬಂಧ ಶುರುವಾಗಿದ್ದು ಒಂದು ಸುದ್ದಿಯಿಂದ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಕಾದಾಡುತ್ತಿದ್ದ ಕಡೆಯವರು ಸುಮಾರು 900 ಕೈದಿಗಳನ್ನು ಬಿಟ್ಟರು. ರೆಡ್ ಕ್ರಾಸ್‌ನವರು ವಿಮಾನದಲ್ಲಿ ಅವರನ್ನು ಊರು ಮುಟ್ಟಿಸಿದರು. ಅದರ ಬಗ್ಗೆ ಓದುತ್ತಾ ಹೋದಾಗ, ಕೈದಿಗಳ ತಾಯಂದಿರೇ 2016ರಲ್ಲಿ ಒಂದು ಸಂಘ ಕಟ್ಟಿಕೊಂಡಿರುವುದು ಗೊತ್ತಾಯಿತು. ಜೈಲು ಬಾಗಿಲಲ್ಲಿ ನಿಂತು ಮಕ್ಕಳನ್ನು ಬಿಡಿ ಅಂತ ಕೇಳುವವರು ಅವರು.

ಇಂಥ ಕೆಲಸಕ್ಕೆ ಬೆನ್ನಾಗಿ ನಿಲ್ಲುವ ಹೊರದೇಶದ ಒಂದು ಸಂಸ್ಥೆಗೆ ನಮ್ಮೂರಿಂದಲೂ ಸ್ವಲ್ಪ ಕಳಿಸೋಣ ಅನ್ನಿಸಿತು. ಆಲ್ದೂರು, ಮಲ್ಲಂದೂರು, ಉಪ್ಪಳ್ಳಿ ಅಂತ ತಿರುಗಿದೆ. 37 ಜನ ಕೊಟ್ಟರು. ಒಟ್ಟು 41,350 ರೂಪಾಯಿ.

ಕೇಳುವುದು ಸುಲಭ ಇರಲಿಲ್ಲ. ಹಸಿದವರಿಗೆ ಅನ್ನ ಅಂದರೆ ಫೋಟೋ ತೋರಿಸಬಹುದು. ಆಗದೇ ಹೋದ ಜಗಳದ ಫೋಟೋ ಎಲ್ಲಿಂದ ತರೋದು? ಕೊನೆಗೆ ಬೇಲಿ ಜಗಳದ ಉದಾಹರಣೆ ಕೊಡತೊಡಗಿದೆ. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. ಇಬ್ಬರ ಮನೆಯಲ್ಲೂ ಕಾಫಿ ಕುಡಿಯಬಲ್ಲ ಒಬ್ಬ ಬೇಕು. ಅವನು ಹತ್ತು ಸಲ ಓಡಾಡಬೇಕು. ಬಸ್ ಚಾರ್ಜು ಯಾರು ಕೊಡ್ತಾರೆ? ಇದು ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತೆ.

ಹಣ ತಗೊಂಡು ಬ್ಯಾಂಕಿಗೆ ಹೋದೆ. ಅಲ್ಲಿನ ಆಫೀಸರ್ ಹೊರದೇಶಕ್ಕೆ ಹಣ ಕಳಿಸುವವರು ತುಂಬುವ ಫಾರಂ ಎ2 ಮುಂದಿಟ್ಟು, "ಇದು ನಿಮ್ಮ ಹಣಾನಾ?" ಅಂದರು. ಅಲ್ಲ ಅಂದೆ. ಅಲ್ಲಿಗೆ ಮುಗಿಯಿತು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು, ದಾನವೂ ಅದರೊಳಗೇ ಬರುತ್ತದೆ. ಆದರೆ ತನ್ನ ಹಣ, ತನ್ನ ಪ್ಯಾನ್ ನಂಬರಿನಲ್ಲಿ. ಊರವರದ್ದನ್ನೆಲ್ಲ ಒಟ್ಟು ಮಾಡಿ ನನ್ನ ಖಾತೆಯಿಂದ ಕಳಿಸುವಂತಿಲ್ಲ. ಇಂಥ ದಾನಕ್ಕೆ ಆದಾಯ ತೆರಿಗೆ ರಿಯಾಯಿತಿಯೂ ಇಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದವನಿಗೆ ಇದು ಮೊದಲೇ ಕೇಳಿಕೊಳ್ಳಬೇಕು ಅಂತ ಹೊಳೆಯಲಿಲ್ಲ ನೋಡಿ.

ಜುಲೈ ಮಳೆ. ಕೊಡೆ ಹಿಡಿದು 37 ಮನೆಗೂ ಹಣ ವಾಪಸ್ ಕೊಡಲು ಹೊರಟೆ. ಹೇಗೂ ಬಂದಿದ್ದೀನಿ ಅಂತ, ಯಾಕೆ ಕೊಟ್ಟಿದ್ದಿರಿ ಅಂತಲೂ ಕೇಳಿದೆ.

ಅರ್ಧಕ್ಕಿಂತ ಜಾಸ್ತಿ ಜನ ಹೇಳಿದ್ದು ಒಂದೇ ಮಾತು: "ನೀವು ಬಂದು ಕೇಳಿದ್ರಿ, ಕೊಟ್ಟೆ." ನನ್ನ ಬೇಲಿ ಕಥೆ ಯಾರಿಗೂ ನೆನಪಿರಲಿಲ್ಲ! ಒಬ್ಬರಂತೂ ಪಕ್ಕದ ಎಸ್ಟೇಟಿನವರ ಹೆಸರು ಪಟ್ಟಿಯಲ್ಲಿ ನೋಡಿ ಅವರಿಗಿಂತ ಐನೂರು ಹೆಚ್ಚು ಬರೆಸಿದ್ದರಂತೆ. ನಗುತ್ತಲೇ ಒಪ್ಪಿಕೊಂಡರು.

ಉಳಿದವರದ್ದು ಒಬ್ಬೊಬ್ಬರದ್ದು ಒಂದೊಂದು. ಮಲ್ಲಂದೂರಿನ ಸಣ್ಣ ಬೆಳೆಗಾರರೊಬ್ಬರು, "ಬಾಬಾಬುಡನ್ ಏಳು ಕಾಫಿ ಬೀಜ ತಂದಿದ್ದು ಅಲ್ಲಿಂದಲೇ ಅಂತಾರಲ್ಲ, ಆ ಋಣ" ಅಂದರು. ಉಪ್ಪಳ್ಳಿಯ ಒಂದು ಮನೆಯವರ ಸಂಬಂಧಿಯೊಬ್ಬರು ಯೆಮನ್‌ನಲ್ಲಿ ನರ್ಸ್ ಆಗಿದ್ದರು. 2015ರಲ್ಲಿ ಭಾರತ ಸರ್ಕಾರ ಆಪರೇಷನ್ ರಾಹತ್ ಮಾಡಿ 4,600ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತಂದಿತಲ್ಲ, ಅವರಲ್ಲಿ ಅವರೂ ಒಬ್ಬರು.

ಒಬ್ಬ ಮಾಜಿ ಸೈನಿಕರ ಮನೆಯಲ್ಲಿ ಒಂದು ಗಂಟೆ ಕೂತೆ. ಅವರು 1993-94ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಟೊಪ್ಪಿ ಹಾಕಿ ಸೊಮಾಲಿಯಾದ ಬೈಡೋವಾದಲ್ಲಿದ್ದವರು. "ನಮ್ಮ ಕೈಲಿ ಬಂದೂಕು ಇತ್ತು. ಆದ್ರೆ ಊರ ಹಿರಿಯರ ಜೊತೆ ಕೂತು ಚಹಾ ಕುಡಿದ ದಿನ ಆಗ್ತಿದ್ದಷ್ಟು ಕೆಲಸ ಗಸ್ತು ತಿರುಗಿದ ದಿನ ಆಗ್ತಿರ್ಲಿಲ್ಲ" ಅಂದರು. ಚಹಾದ ಖರ್ಚಿಗೆ ಅಂತಲೇ ಅವರು ಎರಡು ಸಾವಿರ ಕೊಟ್ಟಿದ್ದು.

ಆಲ್ದೂರು ಕಡೆಯ ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬಮ್ಮ ನೂರು ರೂಪಾಯಿ ಕೊಟ್ಟಿದ್ದಳು. ಅವಳ ದಿನದ ಕೂಲಿಯಲ್ಲಿ ಅದು ಸಣ್ಣ ಪಾಲೇನಲ್ಲ. ಮಗ ಬೆಂಗಳೂರಿಗೆ ಹೋದವನು ಎಂಟು ತಿಂಗಳಿಂದ ಫೋನ್ ಮಾಡಿಲ್ಲ. "ಜೈಲಲ್ಲಾದ್ರೂ ಇದಾನೆ ಅಂತ ಗೊತ್ತಾಗುತ್ತಲ್ಲ ಸಾರ್, ಆ ತಾಯಂದ್ರಿಗೆ" ಅಂದಳು. ನೋಟು ಮುಟ್ಟಲಿಲ್ಲ. ದಾರಿ ಸಿಕ್ಕಾಗ ಕಳಿಸಿ ಅಂದಳು.

ಹಣ ಕೂಡಿಸುವಾಗ ಮಾಡಿದ್ದ ಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕಣ್ಣೀರು ಹಾಕಿದವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಸುಮ್ನೆ ದೂರಲು ಹೇಳುತ್ತಿಲ್ಲ, ನಾನೂ ಎಷ್ಟೋ ಕಡೆ ಹಾಗೇ ಮಾಡಿದ್ದೇನೆ. ಬದಲಿಗೆ ಒಬ್ಬ ಎಂಜಿನಿಯರಿಂಗ್ ಹುಡುಗ ಬಂದ. ಬಯೋಡೇಟಾಗೆ ಆಗುತ್ತೆ ಅಂತ ನೇರವಾಗಿಯೇ ಹೇಳಿದ. ವಿಶ್ವಸಂಸ್ಥೆ ಮನೆಯಿಂದಲೇ ಮಾಡುವ ಸ್ವಯಂಸೇವೆಗೆ ಜನರನ್ನು ತಗೊಳ್ಳುತ್ತದೆ, ಸಂಬಳ ಇಲ್ಲ. ಅಲ್ಲಿ ಸೇರಿ ಮ್ಯಾಪು, ಟೇಬಲ್ಲು ಮಾಡಿಕೊಡುತ್ತಿದ್ದ. ಕೆಲಸ ಸಿಕ್ಕ ಮೇಲೂ ಬಿಟ್ಟಿಲ್ಲ. ಯಾಕೋ ಅಂದರೆ, "ಕಳಿಸಿದ ರಾತ್ರಿನೇ ಅಲ್ಲಿಂದ ಒಬ್ರು ತಪ್ಪು ತೋರಿಸಿ ವಾಪಸ್ ಕಳಿಸ್ತಾರೆ ಅಂಕಲ್. ನಾನು ಮಾಡಿದ್ದನ್ನ ಯಾರೋ ನೋಡ್ತಿದಾರೆ ಅಂತ ಆಯ್ತಲ್ಲ" ಅಂದ.

ಅದನ್ನು ಕೇಳಿದ ಮೇಲೆ ನನ್ನ ರೀತಿ ಬದಲಾಯಿತು. ಈಗ ಪಟ್ಟಿ ಹಿಡಿದು ಹೋಗುವುದಿಲ್ಲ, ಭಾಷಣವೂ ಇಲ್ಲ. ಆರು ಜನ ಇದ್ದೇವೆ. ವರ್ಷಕ್ಕೊಮ್ಮೆ ಅವರವರ ಖಾತೆಯಿಂದ ಅವರೇ ಕಳಿಸುತ್ತಾರೆ, ಫಾರಂ ತುಂಬಲು ನಾನು ಪಕ್ಕದಲ್ಲಿ ಕೂರುತ್ತೇನೆ. ಸಾವಿರ ಐನೂರಕ್ಕೆಲ್ಲ ಬ್ಯಾಂಕ್ ಶುಲ್ಕವೇ ತಿಂದುಬಿಡುತ್ತದೆ, ಅದಕ್ಕೇ ವರ್ಷದ್ದನ್ನು ಒಂದೇ ಸಲ. ಆ ಸಂಸ್ಥೆಯಿಂದ ಬಂದ ಕಾಗದವನ್ನು ಕನ್ನಡ ಮಾಡಿ ಹಳೆಯ 37 ಮನೆಗೂ ಮುಟ್ಟಿಸುತ್ತೇನೆ, ಹಣ ಕೇಳದೆ. ಆಲ್ದೂರಿನ ಅಮ್ಮನಿಗೆ ಓದಿ ಹೇಳಬೇಕಾಗುತ್ತದೆ. ಅವಳ ನೂರು ರೂಪಾಯಿ ನನ್ನ ಪುಸ್ತಕದಲ್ಲಿ ಇನ್ನೂ ಬಾಕಿ ಅಂತಲೇ ಇದೆ. ಪ್ರತಿ ಸಲವೂ ಕೇಳುತ್ತಾಳೆ, ದಾರಿ ಸಿಕ್ತಾ ಅಂತ.