ಜಾಲಿ ಕಟ್ಟಿಗೆಯಿಂದ ಎಥೆನಾಲ್ ತೆಗೆಯಬಹುದಾ? ಮೊದಲು ಲೆಕ್ಕ ಹಾಕಿ

ವಿಜಯಪುರದ ಕಡೆ ಇರುವ ನಮ್ಮ ಕಾಕಾ ಹೊಲದ ಬದುವಿನ ಬಳ್ಳಾರಿ ಜಾಲಿ ಕಡಿಸಿ ರಾಶಿ ಹಾಕಿದ್ದರು. "ಕಾಕಂಬಿಯಿಂದ ಎಥೆನಾಲ್ ಬರ್ತದಂದ್ರ ಇದರಿಂದ ಯಾಕ ಬರಂಗಿಲ್ಲ ತಮ್ಮಾ?" ಅಂದರು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸಿಹಿ ಮಡ್ಡಿಯಾದ ಕಾಕಂಬಿಯಿಂದ ಬರುವಂತೆ, ಕಟ್ಟಿಗೆಯಿಂದಲೂ ಪೆಟ್ರೋಲಿಗೆ ಬೆರೆಸುವ ಈ ಮದ್ಯಸಾರ ಬರುತ್ತದೆ. ಆದರೆ ಎಷ್ಟು ಬರುತ್ತದೆ, ಅದಕ್ಕೆ ಎಷ್ಟು ಸುಡಬೇಕು ಅನ್ನೋದೇ ಪ್ರಶ್ನೆ. ಒಂದು ಪೆನ್ನು, ಒಂದು ತಕ್ಕಡಿ ಸಾಕು.

ಮೊದಲು ತೂಕ. ಒಂದು ಕೆಜಿ ಹಸಿ ಕಟ್ಟಿಗೆ ಹೊಟ್ಟನ್ನು ತಾಡಪತ್ರಿ ಮೇಲೆ ತೆಳ್ಳಗೆ ಹರವಿ, ನಾಲ್ಕು ದಿನ ಬಿಸಿಲಿಗೆ ಬಿಡಿ, ಸಂಜೆ ಮುಚ್ಚಿಡೋದು ಮರೀಬೇಡಿ. ನನ್ನದು 580 ಗ್ರಾಂಗೆ ಇಳಿದಿತ್ತು, ಅದರಲ್ಲೂ ಹತ್ತರಲ್ಲೊಂದು ಪಾಲು ತೇವ ಉಳಿದೇ ಇರುತ್ತದೆ. ಅಂದರೆ ಒಂದು ಟನ್ ಹಸಿ ಕಟ್ಟಿಗೆ ಅಂದರೆ ಲೆಕ್ಕಕ್ಕೆ 500 ಕೆಜಿ ಅಷ್ಟೇ.

ಈ 500 ಕೆಜಿಯಲ್ಲಿ ಸೆಲ್ಯುಲೋಸ್, ಅಂದರೆ ಸಕ್ಕರೆ ಕಣಗಳು ಸರಪಳಿಯಂತೆ ಸೇರಿ ಆದ ನಾರು, ಸುಮಾರು 210 ಕೆಜಿ. ಅದು ಪೂರ್ತಿ ಒಡೆದರೆ 233 ಕೆಜಿ ಗ್ಲೂಕೋಸ್, ಅದೂ ಒಂದು ಚೂರು ಹಾಳಾಗದೆ ಯೀಸ್ಟಿನಿಂದ ಹುಳಿತರೆ 150 ಲೀಟರ್ ಎಥೆನಾಲ್. ಇದು ಕಾಗದದ ಮೇಲಿನ ಮಾತು. ಕೈಗೆ 100 ಲೀಟರ್ ಸಿಕ್ಕರೆ ಚೆನ್ನಾಗೇ ಸಿಕ್ಕಿತು ಅಂದುಕೊಳ್ಳಿ. ಕಟ್ಟಿಗೆಯಲ್ಲಿ ಇನ್ನೊಂದು ಸಕ್ಕರೆ ಇದೆ, ಕ್ಸೈಲೋಸ್, ಆದರೆ ಬ್ರೆಡ್ಡಿಗೆ ಹಾಕುವ ಮಾಮೂಲಿ ಯೀಸ್ಟ್ ಅದನ್ನು ಮುಟ್ಟೋದೇ ಇಲ್ಲ. ಅದಕ್ಕೆ ಬೇರೆ ಯೀಸ್ಟ್ ಬೇಕು.

ನಿಜವಾದ ತಲೆನೋವು ಒಡೆಯೋದು. ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ, ನೀರು ಬೆರೆಸಿ ಯೀಸ್ಟ್ ಹಾಕಿದರೆ ಮುಗೀತು. ಕಟ್ಟಿಗೆಯಲ್ಲಿ ಸೆಲ್ಯುಲೋಸನ್ನು ಲಿಗ್ನಿನ್ ಅನ್ನೋ ಗಟ್ಟಿ ಅಂಟು ಸುತ್ತಿಕೊಂಡಿರುತ್ತದೆ, ಅದನ್ನು ಬಿಡಿಸೋಕೆ ಗಂಧಕಾಮ್ಲ ಹಾಕಿ 150ರಿಂದ 200 ಡಿಗ್ರಿ ಶಾಖದಲ್ಲಿ, ಒತ್ತಡದ ಪಾತ್ರೆಯಲ್ಲಿ ಬೇಯಿಸಬೇಕು, ಇಲ್ಲವೇ ಆವಿಯಲ್ಲಿ ಸಿಡಿಸಿ, ಸೆಲ್ಯುಲೋಸನ್ನು ಒಡೆಯುವ ದುಬಾರಿ ಎಂಜೈಮ್ ಹಾಕಬೇಕು. ಬೆಂಕಿ ಸ್ವಲ್ಪ ಜಾಸ್ತಿಯಾದರೆ ಸಕ್ಕರೆಯೇ ಫರ್ಫ್ಯುರಾಲ್ ಥರದ ವಿಷವಾಗಿ ಯೀಸ್ಟನ್ನು ಕೊಲ್ಲುತ್ತದೆ. ಮನೆ ಕುಕ್ಕರ್‌ನಲ್ಲಿ ಇದನ್ನು ಪ್ರಯತ್ನಿಸಬೇಡಿ, ಆಸಿಡ್ ಮುಖಕ್ಕೆ ಸಿಡಿದರೆ ಕಣ್ಣು ಹೋಗುತ್ತದೆ. ಲೈಸೆನ್ಸ್ ಇಲ್ಲದೆ ಮದ್ಯಸಾರ ಬಟ್ಟಿ ಇಳಿಸಿದರೆ ಅಬಕಾರಿ ಕೇಸು ಬೇರೆ.

ಇನ್ನು ಬಟ್ಟಿ. ಹುಳಿತ ನೀರಿನಲ್ಲಿ ಎಥೆನಾಲ್ ಶೇ 4 ಇದ್ದರೆ, 100 ಲೀಟರಿಗಾಗಿ 2,500 ಲೀಟರ್ ಕಾಯಿಸಬೇಕು, ಅಂದರೆ ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಎರಡೂವರೆ! ಎಷ್ಟು ಸಲ ಇಳಿಸಿದರೂ ಶೇ 95ರ ಆಸುಪಾಸಿಗೆ ನಿಲ್ಲುತ್ತದೆ. ಪೆಟ್ರೋಲಿಗೆ ಬೆರೆಸಬೇಕಾದರೆ ಉಳಿದ ನೀರನ್ನೂ ಬೇರೆ ಯಂತ್ರದಲ್ಲಿ ತೆಗೆಯಬೇಕು.

ಕೊನೆಗೆ ಶಾಖದ ಲೆಕ್ಕ. ಆ 500 ಕೆಜಿ ಒಣ ಕಟ್ಟಿಗೆ ನೇರ ಸುಟ್ಟರೆ ಸುಮಾರು 9,000 ಮೆಗಾಜೂಲ್, 100 ಲೀಟರ್ ಎಥೆನಾಲಿನಲ್ಲಿ ಬರೀ 2,100. ಕಾಲುಭಾಗವೂ ಇಲ್ಲ.

ಹಾಗಾದರೆ ಯಾರಿಗೂ ಆಗಲ್ವಾ? ಆಗುತ್ತದೆ, ದೊಡ್ಡ ಮಟ್ಟದಲ್ಲಿ. ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 2022ರಲ್ಲಿ ಶುರು ಮಾಡಿದ ಘಟಕಕ್ಕೆ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವ ಗುರಿ, ಅಂದರೆ ಟನ್ನಿಗೆ 150 ಲೀಟರ್. ಖರ್ಚು 900 ಕೋಟಿ ದಾಟಿತ್ತು. ನಮ್ಮ ಮುಧೋಳ, ಜಮಖಂಡಿ, ಅಥಣಿ ಕಡೆ ಹೀಗೆ ಮಾಡೋದಾದರೆ ಜಾಲಿಗಿಂತ ಬಗಾಸೆಯೇ, ಅಂದರೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯೇ ವಾಸಿ. ಅದು ಸಕ್ಕರೆ ಕಾರ್ಖಾನೆ ಅಂಗಳದಲ್ಲೇ ಪುಡಿಯಾಗಿ ಬಿದ್ದಿರುತ್ತದೆ, ಬಾಯ್ಲರ್ ಪಕ್ಕದಲ್ಲೇ ಇದೆ, ಲಾರಿ ಬಾಡಿಗೆ ಇಲ್ಲ.

ಕಾಕಾ ಲೆಕ್ಕ ನೋಡಿ ನಕ್ಕರು. ಜಾಲಿ ರಾಶಿ ಮೊನ್ನೆ ಬೆಲ್ಲದ ಗಾಣದ ಒಲೆಗೆ ಹೋಯಿತು.