ಹತ್ತು ದಿನದ ಕಲಾಕೃತಿ: ಕಾರವಾರ, ಶಿರಸಿಯ ಸಾರ್ವಜನಿಕ ಜಾಗಗಳಲ್ಲಿ ನಿಲ್ಲಿಸುವ ಬಗೆ

ಕಡಲತೀರದಲ್ಲೋ ಪೇಟೆಯ ಬಯಲಿನಲ್ಲೋ ವಾರ, ಹತ್ತು ದಿನಗಳ ಮಟ್ಟಿಗೆ ಒಂದು ಕಲಾಕೃತಿಯನ್ನು ನಿಲ್ಲಿಸಬೇಕೆಂದು ಹೊರಡುವ ಕಲಾವಿದರು, ಶಿಕ್ಷಕರು ಮತ್ತು ಯುವಕ ಸಂಘದವರು ಮೊಟ್ಟಮೊದಲು ಅದನ್ನು ಕಳಚುವ ದಿನದ ಕೆಲಸವನ್ನು ಬರೆದಿಟ್ಟುಕೊಳ್ಳಬೇಕು. ಯಾವ ಭಾಗವನ್ನು ಎಷ್ಟು ಜನ ಇಳಿಸುತ್ತಾರೆ, ಬಿದಿರು ಯಾರ ಮನೆಯ ಕೊಟ್ಟಿಗೆಗೆ ಹೋಗುತ್ತದೆ, ಗೂಟ ಕಿತ್ತ ಗುಂಡಿಗೆ ಮಣ್ಣು ತುಂಬುವವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಾಗ, ಯಾವ ಸಾಮಗ್ರಿ ತರಬೇಕು, ಯಾವ ಗಂಟು ಹಾಕಬೇಕು ಎಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಈ ಕ್ರಮ ಶಿರಸಿಯವರಿಗೆ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಬಿಡಕಿಬೈಲಿನಲ್ಲಿ ಚಪ್ಪರ ಏಳುವಾಗಲೇ ಅದು ಎಂದು ಇಲ್ಲವಾಗಬೇಕು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ; ಜಾತ್ರೆ ಮುಗಿದಾಗ ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುವುದನ್ನು ನೋಡಲು ಜನ ಕಾದು ನಿಲ್ಲುತ್ತಾರೆ.

ಜಾಗವನ್ನು ಒಂದೇ ಭೇಟಿಯಲ್ಲಿ ಆರಿಸಬಾರದು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರಳಿನ ಮೇಲೆ ಕೆಲಸ ಮಾಡುವುದಾದರೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಭರತದ, ಎಂದರೆ ಕಡಲು ಉಕ್ಕುವ, ಹೊತ್ತಿಗೆ ಹೋಗಿ, ನೀರು ಎಲ್ಲಿಯವರೆಗೆ ಏರಿತೆಂದು ಗುರುತಿಟ್ಟು, ಅದಕ್ಕಿಂತ ಸಾಕಷ್ಟು ಮೇಲಕ್ಕೆ ಕೃತಿಯನ್ನು ನಿಲ್ಲಿಸಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಭರತದ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಸೋಮವಾರ ಬೆಳಗ್ಗೆ ಒಣಗಿದ್ದ ಮರಳು ಶುಕ್ರವಾರ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಉದ್ದನೆಯ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಮೀನುಗಾರರಿಗೆ ದಡದುದ್ದಕ್ಕೂ ತೆರವಾದ ಜಾಗ ಬೇಕು. ಅವರ ಹಿರಿಯರನ್ನು ಕೇಳದೆ ಒಂದು ಗೂಟವನ್ನೂ ಹೊಡೆಯಬಾರದು. ಕಚೇರಿಯ ಅನುಮತಿ ಪತ್ರಕ್ಕಿಂತ ಈ ಮಾತುಕತೆಯೇ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಕೃತಿಗೂ ಜಾಗಕ್ಕೂ ಇರಬೇಕಾದ ನಂಟಿಗೆ ಬೆಂಗಳೂರಿನ ಒಂದು ಉದಾಹರಣೆ ಸಾಕು: 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಹೊಂಡದಲ್ಲಿ ಇಟ್ಟ ಮೊಸಳೆಯ ಪ್ರತಿಕೃತಿ ಆ ಹೊಂಡದಲ್ಲಿದ್ದುದರಿಂದಲೇ ಮಾತಾಡಿತು, ಅದನ್ನೇ ಉದ್ಯಾನದಲ್ಲಿ ಇಟ್ಟಿದ್ದರೆ ಮಕ್ಕಳ ಆಟಿಕೆಯಾಗುತ್ತಿತ್ತು.

ಕರಾವಳಿಯಲ್ಲಿ ಕೃತಿಗಳು ಬೀಳುವುದು ಹೆಚ್ಚಾಗಿ ಗಾಳಿಯಿಂದ. ಮಧ್ಯಾಹ್ನದ ನಂತರ ಕಡಲಗಾಳಿ ಜೋರಾಗುತ್ತದೆಯೆಂಬುದು ಎಲ್ಲರಿಗೂ ತಿಳಿದ ಸಂಗತಿಯಾದರೂ, ಅದನ್ನು ಲೆಕ್ಕಕ್ಕೆ ಇಳಿಸುವವರು ಕಡಿಮೆ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಗಂಟೆಗೆ 36 ಕಿ.ಮೀ. ಗಾಳಿಗೆ ಇದು 60 ನ್ಯೂಟನ್, ಎಂದರೆ ಸುಮಾರು 6 ಕಿಲೋ ತೂಕದಷ್ಟು. ಗಾಳಿ 72 ಕಿ.ಮೀ.ಗೆ ಏರಿದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: 24 ಕಿಲೋ. ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಬಟ್ಟೆಯ ಪರದೆಯನ್ನು ಅಂಥ ಗಾಳಿ 290 ಕಿಲೋದಷ್ಟು ಬಲದಿಂದ ತಳ್ಳುತ್ತದೆ, ಮತ್ತು ಆ ಬಲ ಬೀಳುವುದು ಬುಡದಲ್ಲಲ್ಲ, ನಡುಮಟ್ಟದಲ್ಲಿ. ಆದ್ದರಿಂದ ಬಟ್ಟೆಯ ಬದಲು ಬಲೆ, ಹಲಗೆಯ ಬದಲು ಸಂದುಬಿಟ್ಟು ಹೆಣೆದ ದಬ್ಬೆ (ಸೀಳಿದ ಮರದ ಪಟ್ಟಿ) ಬಳಸಿ ಗಾಳಿಗೆ ದಾರಿ ಮಾಡಿಕೊಡಬೇಕು, ಬುಡವನ್ನು ಅಗಲಿಸಬೇಕು, ನಾಲ್ಕೂ ದಿಕ್ಕಿಗೆ ಹಗ್ಗ ಎಳೆದು ಕಟ್ಟಬೇಕು. ಮರಳಿನಲ್ಲಿ ಗೂಟ ಸಡಿಲಾಗುವುದರಿಂದ, ಮರಳು ತುಂಬಿದ ಗೋಣಿಚೀಲಗಳನ್ನೋ ಚಿರೇಕಲ್ಲುಗಳನ್ನೋ ಭಾರವಾಗಿ ಬಳಸುವುದು ಮೇಲು. ಒಂದು ಕಲ್ಲನ್ನು ತಕ್ಕಡಿಗೆ ಹಾಕಿ ತೂಗಿ, ಆಮೇಲೆ ಎಷ್ಟು ಕಲ್ಲು ಬೇಕೆಂದು ಎಣಿಸಿ. ಆಳೆತ್ತರ ಮೀರಿದ ಯಾವುದೇ ರಚನೆಯ ನಕ್ಷೆಯನ್ನು ಸಿವಿಲ್ ಎಂಜಿನಿಯರರೊಬ್ಬರಿಗೆ ತೋರಿಸುವುದು ಕಡ್ಡಾಯವೆಂದೇ ತಿಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಯೋಚನೆಯೇ ಬೇಡ.

ಸಾಮಗ್ರಿಗೆ ದೂರ ಹೋಗಬೇಕಾಗಿಲ್ಲ. ಘಟ್ಟದ ಮೇಲೆ ಅಡಿಕೆ ದಬ್ಬೆ, ಸೋಗೆ, ಹಾಳೆಗಳಿವೆ; ಕೆಳಗೆ ತೆಂಗಿನ ಮಡಲು, ತೆಂಗಿನ ನಾರಿನ ಹಗ್ಗ, ಸವೆದ ಬಲೆಗಳಿವೆ. ಕಬ್ಬಿಣದ ತಂತಿ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿದು, ಮುಟ್ಟಿದವರ ಕೈ ಕೊಯ್ಯುತ್ತದೆ. ನಾರಿನ ಹಗ್ಗದ ಗಂಟು ಒಂದೇ ಕತ್ತಿಯೇಟಿಗೆ ಬಿಡುತ್ತದೆ. ಹಿಂದೊಮ್ಮೆ ಶಿರಸಿಯಲ್ಲಿ ನಾವು ಅವಸರಕ್ಕೆ ಮರದ ಕೊಂಬೆಗೆ ಪ್ಲಾಸ್ಟಿಕ್ ಹಗ್ಗ ಬಿಗಿದು, ಇಳಿಸುವ ದಿನ ಮರೆತು, ಮಳೆಗಾಲ ಕಳೆದ ಮೇಲೆ ನೋಡಿದಾಗ ಅದು ತೊಗಟೆಯೊಳಗೆ ಹೂತುಹೋಗಿತ್ತು. ನೈಲಾನ್ ಬಲೆಯನ್ನು ಬಳಸುವುದಾದರೆ ಭರತದ ಗುರುತಿಗಿಂತ ಮೇಲೆ ಮಾತ್ರ ಬಳಸಿ, ಕತ್ತರಿಸಿದ ತುಂಡುಗಳನ್ನೂ ಲೆಕ್ಕವಿಟ್ಟು ವಾಪಸು ತನ್ನಿ. ಬಣ್ಣಕ್ಕೆ ನಮ್ಮ ಗೋಡೆಚಿತ್ರದವರ ಸಾಮಗ್ರಿಯೇ ಸಾಕು: ಕಾವಿ ಕಲೆಯವರ ಕೆಮ್ಮಣ್ಣು ಮತ್ತು ಸುಣ್ಣ, ಹಸೆ ಚಿತ್ತಾರದವರ ಅಕ್ಕಿಹಿಟ್ಟಿನ ಬಿಳುಪು. ಒಂದು ಎಚ್ಚರಿಕೆ: ಕೆಮ್ಮಣ್ಣು ತೊಳೆದರೆ ಹೋಗುತ್ತದೆಂದು ನಂಬಿ ನೆಲಗಲ್ಲಿನ ಮೇಲೆ ನೇರವಾಗಿ ಬಳಿಯಬೇಡಿ, ಮೂಲೆಯೊಂದರಲ್ಲಿ ಹಚ್ಚಿ, ಎರಡು ದಿನ ಬಿಟ್ಟು ತೊಳೆದು ನೋಡಿ.

ಅನುಮತಿಗೆ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಬೇಕು. ಬರ್ಲಿನ್ನಿನ ರೈಶ್‌ಟಾಗ್ ಭವನವನ್ನು 1995ರಲ್ಲಿ 14 ದಿನ ಬಟ್ಟೆಯಿಂದ ಹೊದಿಸಿದ ಕ್ರಿಸ್ಟೊ ಮತ್ತು ಜೀನ್-ಕ್ಲೋಡ್ ಎಂಬ ಕಲಾವಿದ ದಂಪತಿಗಳು ಆ ಯೋಚನೆಯನ್ನು ಹಿಡಿದದ್ದು 1971ರಲ್ಲಿ ಎಂಬುದನ್ನು ನೆನೆದರೆ ಎರಡು ತಿಂಗಳು ದೊಡ್ಡದಲ್ಲ. ಪೇಟೆಯ ಜಾಗಕ್ಕೆ ನಗರಸಭೆಗೂ ಪೊಲೀಸ್ ಠಾಣೆಗೂ, ಕಡಲತೀರಕ್ಕೆ ಜಿಲ್ಲಾಧಿಕಾರಿಗಳ ಕಚೇರಿಗೂ ಅರ್ಜಿ ಕೊಡಬೇಕು. ತೀರದ ಭೂಮಿಗೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುವುದರಿಂದ, ಅಡಿಪಾಯ ಹಾಕುವುದಿಲ್ಲ, ಮರಳು ಸಾಗಿಸುವುದಿಲ್ಲ, ಇಂಥ ತಾರೀಖಿಗೆ ತೆರವು ಮಾಡುತ್ತೇವೆ ಎಂದು ಅರ್ಜಿಯಲ್ಲೇ ಬರೆಯಿರಿ. ಕಂಬ, ಗೋಡೆಗಳ ಮೇಲೆ ಏನನ್ನಾದರೂ ಅಂಟಿಸುವುದನ್ನು ಸಾರ್ವಜನಿಕ ಸ್ಥಳಗಳ ವಿರೂಪ ತಡೆಯುವ 1981ರ ರಾಜ್ಯ ಕಾಯ್ದೆ ತಡೆಯುತ್ತದೆ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದಲೇ ನಿಷಿದ್ಧ. ಕಾರವಾರದ ಪಕ್ಕದಲ್ಲೇ ನೌಕಾನೆಲೆ ಇರುವುದರಿಂದ ಡ್ರೋನ್ ಚಿತ್ರೀಕರಣದ ಆಸೆಯಿದ್ದರೆ ಅದನ್ನು ಬೇರೆಯಾಗಿ, ಮೊದಲೇ ಕೇಳಬೇಕು.

ದೀಪಗಳ ವಿಷಯದಲ್ಲಿ ಕಡಲಾಮೆಗಳನ್ನು ನೆನೆಯಬೇಕು. ನಮ್ಮ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುವುದು ಚಳಿಗಾಲದಲ್ಲಿ, ಕಲಾಕೃತಿಗೆ ಒಳ್ಳೆಯದಾದ ಒಣ ತಿಂಗಳುಗಳಲ್ಲೇ. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಯೇ ಕಡಲೆಂದು ತಿಳಿದು ರಸ್ತೆಯತ್ತ ತೆವಳುತ್ತವೆ. ಅರಣ್ಯ ಇಲಾಖೆಯವರನ್ನು ಕೇಳಿ, ಹತ್ತಿರದಲ್ಲಿ ಗೂಡಿದ್ದರೆ ರಾತ್ರಿದೀಪವನ್ನು ಪೂರ್ತಿ ಕೈಬಿಡಿ.

ಶಿರಸಿಯ ಪೇಟೆಯಲ್ಲಿ ಬೇರೆ ಬಗೆಯ ಕಷ್ಟವಿದೆ. ಹೋಳಿಯ ಹೊತ್ತಿನ ಬೇಡರ ವೇಷದ ಕುಣಿತದ ರಾತ್ರಿ ಬೀದಿಯೇ ರಂಗವಾಗುವುದನ್ನು ಕಂಡ ಜನ ಕೃತಿಯನ್ನು ದೂರದಿಂದ ನೋಡಿ ಸುಮ್ಮನಿರುವವರಲ್ಲ. ಮುಟ್ಟುತ್ತಾರೆ, ಮಕ್ಕಳು ಹತ್ತುತ್ತಾರೆ. ಮುಟ್ಟಬಾರದೆಂಬ ಫಲಕಕ್ಕಿಂತ ಮುಟ್ಟಿದರೂ ಕೆಡದ ರಚನೆ ಉತ್ತಮ. ಚೂಪು ತುದಿಗಳನ್ನು ತಲೆಯ ಎತ್ತರದಲ್ಲಿ ಬಿಡಬೇಡಿ, ಗಾಲಿಕುರ್ಚಿ ಸಾಗುವಷ್ಟು ದಾರಿ ಉಳಿಸಿ, ಎದುರಿನ ಅಂಗಡಿಯವರ ಬಾಗಿಲಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ. ಕೃತಿಯ ಹೆಸರು, ಮಾಡಿದವರ ಹೆಸರು, ತೆರವಿನ ದಿನಾಂಕ, ತೊಂದರೆಯಾದರೆ ಕರೆಯಬೇಕಾದ ಸಂಖ್ಯೆ ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ನಿಲ್ಲಿಸಿ.

ಕಟ್ಟುವ ಮೊದಲು ಖಾಲಿ ನೆಲದ ಚಿತ್ರಗಳನ್ನು ತೆಗೆದಿಟ್ಟಿರಬೇಕು. ಕೊನೆಯ ದಿನ ಭಾರವನ್ನು ಮೊದಲು ತೆಗೆಯದೆ ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಬಂದು, ಗುಂಡಿಗಳನ್ನು ಮುಚ್ಚಿ, ಬೆಳಕಿರುವಾಗಲೇ ಹಗ್ಗದ ಚೂರು, ಮೊಳೆಗಳನ್ನು ಹೆಕ್ಕಿ, ನಿಂತ ಅದೇ ಜಾಗದಿಂದ ಮತ್ತೆ ಚಿತ್ರ ತೆಗೆದು, ಎರಡನ್ನೂ ಅನುಮತಿ ಕೊಟ್ಟ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಮುಂದಿನ ವರ್ಷದ ಅರ್ಜಿಗೆ ಆ ಎರಡು ಚಿತ್ರಗಳನ್ನೇ ಮೊದಲ ಪುಟದಲ್ಲಿ ಲಗತ್ತಿಸಬಹುದು.